ಟಾಕ್ಸಿಕಾಲಜಿಗೆ (ವಿಷವಿಜ್ಞಾನಕ್ಕೆ) ಹೋಗಬೇಕೆಂದಿದ್ದೇನೆ, ಮುಂಬಯಿ-ಪುಣೆ ಕಡೆ ಈ ಕೆಲಸದಲ್ಲಿರುವವರು ಹೇಳಿ

ಡೊಂಬಿವಲಿ ಪೂರ್ವ:
ಎಲ್ಲರಿಗೂ ನಮಸ್ಕಾರ. ನಾನು ನವಿ ಮುಂಬಯಿಯ ಕಾಲೇಜೊಂದರಲ್ಲಿ ಬಿ.ಫಾರ್ಮ್ ಕೊನೆಯ ವರ್ಷ. ಮನೆ ಡೊಂಬಿವಲಿ, ಊರು ಕಾರ್ಕಳದ ಹತ್ತಿರ. ಕ್ಲಾಸಿನವರೆಲ್ಲ ಫಾರ್ಮಕೋವಿಜಿಲೆನ್ಸ್, ಎಂಬಿಎ, ಇಲ್ಲದಿದ್ದರೆ ಕೆನಡಾ ಅಂತಿದ್ದಾರೆ. ನನಗೆ ಫಾರ್ಮಕಾಲಜಿಯಲ್ಲಿ ಟಾಕ್ಸಿಕಾಲಜಿ ಭಾಗ ಬಂದಾಗ ಮಾತ್ರ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. 2020ರಲ್ಲಿ ನಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಪೇಪರಿನಲ್ಲೆಲ್ಲ ಬಂದಿತ್ತಲ್ಲ, ಆಗ ಬಿಲ್ಡಿಂಗಿನಲ್ಲಿ ಎಲ್ಲರೂ "ಅದು ವಿಷವಾ?" ಅಂತ ಕೇಳಿದರು. ಯಾವುದು, ಎಷ್ಟು, ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ನನಗೆ ಆ ಪ್ರಶ್ನೆಗಳೇ ಬೇಕು.

ಅಪ್ಪ ಹೇಳುವುದು "ಇಷ್ಟು ಓದಿ ಕೊನೆಗೆ ವಿಷದ ಕೆಲಸವಾ ಮಗಾ?" ಅಮ್ಮನಿಗೆ ಮದುವೆ ಚಿಂತೆ. ಎಲ್ಲಿ ಓದಬೇಕು, ಓದಿದರೆ ಇಲ್ಲೇ ಕೆಲಸ ಸಿಗುತ್ತದಾ, ಇಲಿ ಕೊಲ್ಲದೆ ಈ ಕೆಲಸ ಇಲ್ಲವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಳಶಿ ಧಾರವಾಡ:
ತಂಗಿ, ಟಿವಿಯೊಳಗಿನ ಪೊಲೀಸ್ ಧಾರಾವಾಹಿ ನೋಡಿ ಬರಾಕತ್ತಿದ್ರ ಮಾತ್ರ ಬರಬ್ಯಾಡ. ಬಾಕಿ ಯಾವ ಕಾರಣಕ್ಕ ಬಂದ್ರೂ ನಡೀತದ.

ನಾ ಪುಣೆ ಹೊರಗ, ಮುಳಶಿ ಕಡೆ, ಒಂದು ಜಿಎಲ್‌ಪಿ, ಅಂದ್ರ ಗುಡ್ ಲ್ಯಾಬೊರೇಟರಿ ಪ್ರ್ಯಾಕ್ಟೀಸ್ ನಿಯಮ ಪಾಲಿಸೂ ಲ್ಯಾಬಿನ್ಯಾಗ ಇದ್ದೀನಿ. ಔಷಧ, ಕೀಟನಾಶಕ, ಕಾರ್ಖಾನಿ ರಾಸಾಯನಿಕ, ಯಾವುದ ಇರಲಿ, ಪೇಟಿಗೆ ಹೋಗೂಕಿಂತ ಮೊದಲ ನಮ್ಮಂಥವರ ಕೈ ದಾಟಿ ಹೋಗಬೇಕು. ಇವತ್ತಿನ ದಿನಾ ಹ್ಯಾಂಗ ಹೋತು ಹೇಳ್ತೀನಿ, ನೀನ ನೋಡು ನಿನಗ ಸೇರತದೋ ಇಲ್ಲೋ ಅಂತ.

ನಡೆದದ್ದು 28 ದಿನದ ಸ್ಟಡಿ, ಓಇಸಿಡಿ ಅನ್ನೂ ದೇಶಗಳ ಒಕ್ಕೂಟದ 407ನೇ ಗೈಡ್‌ಲೈನ್. ಔಷಧ ಕೊಡದ ಒಂದು ಕಂಟ್ರೋಲ್ ಗುಂಪು, ಮೂರು ಡೋಸ್ ಗುಂಪು, ಗುಂಪಿಗೆ ಕಮ್ಮಿ ಅಂದ್ರ ಐದು ಗಂಡು, ಐದು ಹೆಣ್ಣು ಇಲಿ. ಮುಂಜಾನೆ ಸ್ನಾನಾ ಮಾಡಿ, ಒಳಗಿನ ಬಟ್ಟಿ ಹಾಕ್ಕೊಂಡು, ಟೊಪ್ಪಿಗಿ, ಮಾಸ್ಕು, ಕೈಗವಸು. ತೂಕಾ ನೋಡಿ, ಆ ತೂಕಕ್ಕ ತಕ್ಕ ಡೋಸ್ ಲೆಕ್ಕಾ ಹಾಕಿ, ತುದಿ ಗುಂಡಗ ಇರೂ ಗವಾಜ್ ಸೂಜಿಲೆ ಬಾಯಿಂದ ಸೀದಾ ಹೊಟ್ಟಿಗೆ. ಗಂಟಲಿನ್ಯಾಗ ಒಂದ ಚೂರು ಅಡ್ಡ ಆತಂದ್ರ ಔಷಧ ಶ್ವಾಸಕೋಶಕ್ಕ ಹೋಗಿ ಇಲಿ ಸಾಯ್ತದ, ಆವಾಗ ಅದು ಔಷಧದ ಸಾವೋ ಕೈಯ ಸಾವೋ ಅಂತ ದೊಡ್ಡ ಪಂಚಾಯ್ತಿ. ಆಮ್ಯಾಲ ನೋಡೂದು: ಮೈಗೂದಲಾ ನಿಂತಾವೇನು, ಜೊಲ್ಲು ಬರಾಕತ್ತದೇನು, ನಡಿಗಿ ಬದಲಾಗೇದೇನು. ಏನೂ ಆಗಿಲ್ಲಂದ್ರೂ ಬರೀಬೇಕು, "ಸಹಜ" ಅಂತ. ಬರದಿಲ್ಲಂದ್ರ ನೋಡೇ ಇಲ್ಲಂತ ಅರ್ಥ.

ತಪ್ಪು ಬಿತ್ತಂದ್ರ ವೈಟ್ನರ್ ಹಚ್ಚೂಹಂಗಿಲ್ಲ. ಒಂದ ಗೆರಿ ಎಳೀಬೇಕು, ಹಳೇ ಅಂಕಿ ಓದಾಕ ಬರಬೇಕು, ಪಕ್ಕದಾಗ ಸರಿ ಅಂಕಿ, ಕಾರಣ, ಸಹಿ, ತಾರೀಖು. ದಾಖಲೆ ತಪಾಸಣಿ ಮಾಡೂ ಕ್ಯೂಎ ಮಂದಿ ಬಂದು ಆ ಒಂದ ಗೆರಿ ಮ್ಯಾಲ ಅರ್ಧಾ ತಾಸು ನಿಲ್ತಾರ. ಇದು ಬ್ಯಾಸರ ಬರತದ ಅಂತ ಈಗ ಅನಿಸಿದ್ರ ಮುಂದ ಬಾಳ ಕಷ್ಟ.

ಡೊಂಬಿವಲಿ ಪೂರ್ವ:
ಅಣ್ಣ, ಬೇಸರ ಅನಿಸಲಿಲ್ಲ. 28 ದಿನ ಮುಗಿದ ಮೇಲೆ ಇಲಿಗಳಿಗೆ ಏನಾಗುತ್ತದೆ ಅಂತ ಮಾತ್ರ ನೀವು ಹೇಳಲಿಲ್ಲ.

ಪರೇಲ್ ಪಶುವೈದ್ಯ:
ಅದನ್ನು ನಾನು ಹೇಳುತ್ತೇನೆ, ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ. ಕೊಲ್ಲುತ್ತಾರೆ. ನೋವಿಲ್ಲದಂತೆ, ನಿಯಮದ ಪ್ರಕಾರ, ಆದರೆ ಕೊಲ್ಲುತ್ತಾರೆ. ಕಂಟ್ರೋಲ್ ಗುಂಪನ್ನೂ. ಹೊಟ್ಟೆ ತೆರೆದು ಯಕೃತ್ತು, ಮೂತ್ರಪಿಂಡ, ಹೃದಯ, ಮೆದುಳು ಒಂದೊಂದನ್ನೂ ತೂಗಿ, ಫಾರ್ಮಲಿನ್‌ಗೆ ಹಾಕಿ, ಸ್ಲೈಡ್ ಮಾಡಿ ನಮ್ಮ ಟೇಬಲ್‌ಗೆ ಕಳಿಸುತ್ತಾರೆ. ಇದನ್ನು ಸಕ್ಕರೆ ಹಚ್ಚಿ ಹೇಳುವವರ ಮಾತು ಕೇಳಬೇಡ.

ಇನ್ನೊಂದು ಕಡೆಯೂ ನೋಡು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅದರ ಮೇಲೆ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರಕಾರದ ಸಮಿತಿ ಸಿಸಿಎಸ್‌ಇಎ ಇದೆ, ಮೊದಲು ಸಿಪಿಸಿಎಸ್‌ಇಎ ಅಂತಿತ್ತು. ಒಂದು ಗುಂಪಿನ ಅರ್ಧ ಪ್ರಾಣಿ ಸಾಯುವ ಡೋಸ್ ಹುಡುಕುತ್ತಿದ್ದ ಹಳೆಯ ಎಲ್‌ಡಿ50 ಪರೀಕ್ಷೆ, ಅಂದರೆ ಓಇಸಿಡಿ 401, 2002ರಲ್ಲೇ ಪಟ್ಟಿಯಿಂದ ಹೋಯಿತು. ಈಗಿನ 423, 425 ಬೆರಳೆಣಿಕೆಯ ಪ್ರಾಣಿಗಳಲ್ಲೇ ಮುಗಿಯುತ್ತವೆ. ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆಯನ್ನು ನಮ್ಮ ದೇಶ 2014ರಲ್ಲಿ ನಿಲ್ಲಿಸಿತು. ಹೊಸ ಔಷಧಗಳಿಗೆ ಜೀವಕೋಶ, ಚಿಪ್ ಮೇಲಿನ ಅಂಗ ಇಂಥ ಬದಲಿ ವಿಧಾನದ ಮಾಹಿತಿಯನ್ನೂ ಒಪ್ಪಬಹುದೆಂದು 2023ರಲ್ಲಿ ನಿಯಮ ತಿದ್ದಿದರು. ನಾಳೆಯೇ ಪ್ರಾಣಿ ಪರೀಕ್ಷೆ ನಿಂತುಹೋಗುತ್ತದೆ ಅನ್ನುವವರನ್ನು ನಂಬಬೇಡ. ನೀನು ನಿವೃತ್ತಳಾಗುವ ತನಕ ಹೀಗೇ ಇರುತ್ತದೆ ಅನ್ನುವವರನ್ನೂ ನಂಬಬೇಡ.

ನಮ್ಮ ಬಿವಿಎಸ್ಸಿ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಎಂವಿಎಸ್ಸಿ ಪೆಥಾಲಜಿ ಮಾಡಿ ಟಾಕ್ಸಿಕಾಲಜಿಗೆ ಬಂದವರನ್ನು ಲ್ಯಾಬುಗಳು ಹುಡುಕಿಕೊಂಡು ಬರುತ್ತವೆ. ಸ್ಲೈಡ್ ಓದುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಹೆಣಗಳನ್ನು ರಣಹದ್ದುಗಳಿಗೆ ಬಿಡುವ ಮಲಬಾರ್ ಹಿಲ್‌ನ ಡೂಂಗರ್‌ವಾಡಿಗೆ ರಣಹದ್ದು ಬರುವುದು ನಿಂತು ಪಾರ್ಸಿಗಳು ಪಟ್ಟ ಪಾಡು ಮುಂಬಯಿಯವರಿಗೆಲ್ಲ ಗೊತ್ತು. ಹದ್ದುಗಳು ಸಾಯುತ್ತಿದ್ದುದಕ್ಕೆ ವರ್ಷಗಟ್ಟಲೆ ಎಲ್ಲರೂ ವೈರಸ್ ವೈರಸ್ ಅಂದರು. ಸತ್ತ ಹದ್ದುಗಳನ್ನು ತೆರೆದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ ಕೂತಿತ್ತು, ಮೂತ್ರಪಿಂಡ ಕೆಟ್ಟಿತ್ತು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಕಾರಣವೆಂದು 2004ರಲ್ಲಿ ಪಾಕಿಸ್ತಾನದ ಹದ್ದುಗಳ ಮೇಲೆ ಕೆಲಸ ಮಾಡಿದವರು ತೋರಿಸಿದರು. 2006ರಲ್ಲಿ ಭಾರತ ಅದರ ಪಶು ಬಳಕೆ ನಿಷೇಧಿಸಿತು. ದನಕ್ಕೆ ಏನೂ ಆಗದ ಔಷಧ, ಆ ದನದ ಹೆಣ ತಿಂದ ಹಕ್ಕಿಗೆ ಯಮ. ನನ್ನ ಮಟ್ಟಿಗೆ ಇಡೀ ಟಾಕ್ಸಿಕಾಲಜಿ ಇದರಲ್ಲಿದೆ.

ಕಾಲೀನಾ ನಿವೃತ್ತ:
ಮಗು, ನಾನು ವಿಧಿವಿಜ್ಞಾನದ ಕಡೆಯವನು. ಕಾಲೀನಾ ವಿದ್ಯಾನಗರಿ ಅಂದರೆ ಕನ್ನಡದವರಿಗೆ ವಿಶ್ವವಿದ್ಯಾಲಯದ ಕನ್ನಡ ವಿಭಾಗ ನೆನಪಾಗುತ್ತದೆ. ಅಲ್ಲೇ ಪಕ್ಕದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವೂ ಉಂಟು. ಮಹಾರಾಷ್ಟ್ರದಲ್ಲಿ ಅನುಮಾನದ ಸಾವು ಆದಾಗ ಪೊಲೀಸರು "ವಿಸೆರಾ ರಾಖೂನ್ ಠೇವಲಾ ಆಹೆ" (ಒಳ ಅಂಗಗಳನ್ನು ತೆಗೆದಿಟ್ಟಿದೆ) ಅನ್ನುತ್ತಾರಲ್ಲ, ಆ ವಿಸೆರಾ ಹೋಗುವುದು ಇಂಥ ಪ್ರಯೋಗಾಲಯಕ್ಕೆ. ವರದಿಗೆ ಠಾಣೆಯಲ್ಲಿ ಸಿಎ ರಿಪೋರ್ಟ್ ಅಂತಲೇ ಹೆಸರು, ಕೆಮಿಕಲ್ ಅನಲೈಸರ್ ಕೊಟ್ಟದ್ದು ಅಂತ.

ಅಗಲ ಬಾಯಿಯ ಬಾಟಲಿಯಲ್ಲಿ ಜಠರ, ಅದರೊಳಗೆ ಇದ್ದದ್ದು, ಸಣ್ಣ ಕರುಳಿನ ತುಂಡು. ಇನ್ನೊಂದರಲ್ಲಿ ಯಕೃತ್ತು, ಮೂತ್ರಪಿಂಡ. ತುಂಬಿರುವುದು ಅಡುಗೆ ಉಪ್ಪಿನ ಗಟ್ಟಿ ದ್ರಾವಣ, ಇನ್ನು ಕರಗುವುದಿಲ್ಲ ಅನ್ನುವ ತನಕ ಉಪ್ಪು ಹಾಕಿದ್ದು. ಯಾರಾದರೂ ಉಪಕಾರ ಮಾಡಲು ಹೋಗಿ ಫಾರ್ಮಲಿನ್ ಹಾಕಿದರೆ ಹಲವು ವಿಷಗಳು ಕೈಗೆ ಸಿಗುವುದಿಲ್ಲ. ರಕ್ತ ಬೇರೆ, ಅದಕ್ಕೆ ಸೋಡಿಯಂ ಫ್ಲೋರೈಡ್. ಬಾಟಲಿಯ ಮೇಲಿನ ಅರಗಿನ ಮುದ್ರೆ, ಜೊತೆಗೆ ಬಂದ ಮಾದರಿ ಮುದ್ರೆ, ಪತ್ರದಲ್ಲಿನ ಹೆಸರು, ಮೂರೂ ತಾಳೆಯಾಗದೆ ಒಳಗೆ ತೆಗೆದುಕೊಳ್ಳುವಂತಿಲ್ಲ. ಹೊಸದಾಗಿ ಬಂದವರಿಗೆ ವಿಷ ಪತ್ತೆ ಮಾಡುವ ಜಿಸಿ-ಎಂಎಸ್ ಯಂತ್ರದ ಮೇಲೆ ಕಣ್ಣು. ಕೋರ್ಟಿನಲ್ಲಿ ವಕೀಲರು ಹಿಡಿಯುವುದು ಯಂತ್ರವನ್ನಲ್ಲ, ಮುದ್ರೆಯನ್ನು.

ಈ ದಾರಿಗೆ ಸರಕಾರಿ ಹುದ್ದೆಗಳೇ ಮುಖ್ಯ. ಹುದ್ದೆ ಕಡಿಮೆ, ಜಾಹೀರಾತು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮರಾಠಿ ಓದಿ ಬರೆಯಲು ಬರಲೇಬೇಕು. ಬಿ.ಫಾರ್ಮ್‌ಗಿಂತ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫೊರೆನ್ಸಿಕ್ ಸೈನ್ಸ್ ಎಂಎಸ್ಸಿ ಮಾಡಿದವರಿಗೆ ಬಾಗಿಲು ಸುಲಭ. ನಮ್ಮವರಿಗೆ ಈಗ ಧಾರವಾಡದಲ್ಲೂ ಗೋವಾದಲ್ಲೂ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಆಗಿದೆ, ನಮ್ಮ ಕಾಲಕ್ಕೆ ಇದೆಲ್ಲಿತ್ತು.

ಮುಂಬಯಿಯಲ್ಲಿ ಇದ್ದುಕೊಂಡು ಔಷಧ ಓದಿದವಳು 1986ರ ಜೆಜೆ ಆಸ್ಪತ್ರೆಯ ಪ್ರಕರಣವನ್ನು ಓದಿರಲೇಬೇಕು. ರೋಗಿಗಳಿಗೆ ಕೊಟ್ಟ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಇತ್ತು, 14 ಜನ ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತು. ಇದೇ ದ್ರವ 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧದ ಎಲಿಕ್ಸಿರ್‌ನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಮರುವರ್ಷ ಅಲ್ಲಿನ ಔಷಧ ಕಾನೂನೇ ಬದಲಾಯಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಕೆಮ್ಮಿನ ಸಿರಪ್‌ನಲ್ಲಿ ಸಿಕ್ಕಿದ್ದೂ ಅದೇ. ಸಿಹಿ ರುಚಿ, ಅಗ್ಗ, ನೋಡಲು ಗ್ಲಿಸರಿನ್ ತರಹವೇ. ಎಂಬತ್ತೈದು ವರ್ಷದಲ್ಲಿ ವಿಷ ಬದಲಾಗಲಿಲ್ಲ, ಕಚ್ಚಾ ಮಾಲು ಪರೀಕ್ಷೆ ಮಾಡದ ಅಭ್ಯಾಸವೂ ಬದಲಾಗಲಿಲ್ಲ.

ಠಾಣೆ ಶಾಂತಲಾ:
ಇಲಿಯನ್ನೂ ಮುಟ್ಟದ, ವಿಸೆರಾವನ್ನೂ ನೋಡದ ಟಾಕ್ಸಿಕಾಲಜಿಸ್ಟ್‌ಗಳು ಈ ಊರಲ್ಲಿ ಬಹಳ ಜನ ಇದ್ದೇವೆ. ನನ್ನ ಕೆಲಸ ಪೂರ್ತಿ ಕಾಗದದ್ದು. ಅಂಧೇರಿ, ಠಾಣೆ, ಮಹಾಪೆ, ಪುಣೆಯ ಔಷಧ ಕಂಪನಿಗಳಲ್ಲಿ ಮತ್ತು ಅವಕ್ಕೆ ಬರೆದುಕೊಡುವ ಸಲಹಾ ಸಂಸ್ಥೆಗಳಲ್ಲಿ ಹೊಸಬರನ್ನು ಹೆಚ್ಚು ತೆಗೆದುಕೊಳ್ಳುವುದು ಈ ಕೆಲಸಕ್ಕೇ. ಡೊಂಬಿವಲಿಯಿಂದ ಓಡಾಡಲೂ ಆಗುತ್ತದೆ, ಸೆಂಟ್ರಲ್ ಲೈನ್ ಕೃಪೆ ಇದ್ದರೆ.

ಒಂದು ಲೆಕ್ಕ ತೋರಿಸುತ್ತೇನೆ, ಅಂಕಿ ನಾನೇ ಕಟ್ಟಿದ್ದು. ಒಂದೇ ಯಂತ್ರದಲ್ಲಿ ಬೆಳಿಗ್ಗೆ ಒಂದು ಮಾತ್ರೆ, ತೊಳೆದು ಮಧ್ಯಾಹ್ನ ಇನ್ನೊಂದು ಮಾಡುತ್ತಾರೆ. ಮೊದಲನೆಯದರ ಚೂರು ಎಷ್ಟು ಉಳಿದರೆ ಪರವಾಗಿಲ್ಲ? ಇಲಿಯ 28 ದಿನದ ಸ್ಟಡಿಯಲ್ಲಿ ಏನೂ ಕೆಡುಕಾಗದ ಡೋಸ್, ಅಂದರೆ ಎನ್‌ಒಎಇಎಲ್, ಕೆಜಿಗೆ 10 ಮಿಗ್ರಾಂ ಅಂತಿರಲಿ. ಮನುಷ್ಯನ ತೂಕ 50 ಕೆಜಿ ಹಿಡಿದರೆ 500. ಇಲಿಯಿಂದ ಮನುಷ್ಯನಿಗೆ ಬರಲು 5ರಿಂದ ಭಾಗಿಸು, ಮನುಷ್ಯರಲ್ಲೇ ಇರುವ ವ್ಯತ್ಯಾಸಕ್ಕೆ 10ರಿಂದ, ಸ್ಟಡಿ ಚಿಕ್ಕದಾದ್ದರಿಂದ ಇನ್ನೊಂದು 10ರಿಂದ. ಉಳಿದದ್ದು ದಿನಕ್ಕೆ 1 ಮಿಗ್ರಾಂ. ಇದೇ ಪಿಡಿಇ, ದಿನಕ್ಕೆ ಇಷ್ಟು ದೇಹಕ್ಕೆ ಹೋದರೂ ಪರವಾಗಿಲ್ಲ ಅನ್ನುವ ಮಿತಿ. ಲೆಕ್ಕ ಹೈಸ್ಕೂಲಿನದ್ದು. ಆ 10 ಎಲ್ಲಿಂದ ತಂದೆ, ಆ ಸ್ಟಡಿಯನ್ನೇ ಯಾಕೆ ಆರಿಸಿದೆ, ಬೇರೆಯದನ್ನು ಯಾಕೆ ಬಿಟ್ಟೆ ಅಂತ ಹತ್ತು ಪುಟ ಬರೆಯುವುದಕ್ಕೆ ಸಂಬಳ.

ಇನ್ನು ಕಲ್ಮಶಗಳು. ಡಿಎನ್‌ಎಗೆ ಪೆಟ್ಟು ಕೊಡಬಲ್ಲ ಕಲ್ಮಶವಾದರೆ ಐಸಿಎಚ್ ಎಂ7 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಜೀವಮಾನವಿಡೀ ತೆಗೆದುಕೊಳ್ಳುವ ಔಷಧದಲ್ಲಿ ದಿನಕ್ಕೆ 1.5 ಮೈಕ್ರೋಗ್ರಾಂ ಮಿತಿ. ನೈಟ್ರೋಸಮೀನ್ ಗುಂಪಿನ ಕಲ್ಮಶಗಳಿಗೆ ಮಿತಿ ಅದಕ್ಕಿಂತ ಕಠಿಣ. 2018ರಲ್ಲಿ ಬಿಪಿಯ ವಾಲ್ಸಾರ್ಟಾನ್ ಮಾತ್ರೆಯಲ್ಲಿ ಆ ಗುಂಪಿನ ಎನ್‌ಡಿಎಂಎ ಸಿಕ್ಕಮೇಲೆ ಅದಕ್ಕೆ ಇಟ್ಟ ಮಿತಿ ದಿನಕ್ಕೆ 96 ನ್ಯಾನೋಗ್ರಾಂ. ಆ ವರ್ಷದಿಂದ ನಮ್ಮ ಕಸುಬಿಗೆ ಬೇಡಿಕೆ ಏರಿದ್ದು ಇಳಿದಿಲ್ಲ.

ದುಡ್ಡಿನ ವಿಷಯ: ಶುರುವಿಗೆ ಕಡಿಮೆಯೇ, ಸಾಫ್ಟ್‌ವೇರ್ ಕಸಿನ್ ಜೊತೆ ಹೋಲಿಸಿಕೊಂಡು ಕೊರಗಬೇಡ. ಐದಾರು ವರ್ಷ ಆಗಿ ನಿನ್ನ ಸಹಿಯ ವರದಿಯನ್ನು ಹೊರದೇಶದ ನಿಯಂತ್ರಕರು ಪ್ರಶ್ನೆಯಿಲ್ಲದೆ ಒಪ್ಪಿದರೆ ಆಮೇಲೆ ನೀನೇ ಕೇಳಬಹುದು. ಡಿಎಬಿಟಿ ಅಂತ ಅಮೆರಿಕದ ಪರೀಕ್ಷೆ ಇದೆ, ಅನುಭವ ಆದ ಮೇಲೆ ಮಾತ್ರ ಕೂರಬಹುದು. ಈಗಲೇ ಅದರ ಚಿಂತೆ ಬೇಡ.

ಕೊಕ್ಕಡ-ಕುರ್ಲಾ:
ನಾನು ಈ ಕೆಲಸದವನಲ್ಲ, ಟ್ರಾನ್ಸ್‌ಪೋರ್ಟ್ ಲೈನಿನಲ್ಲಿ ಇರುವುದು. ಆದರೂ ಒಂದು ಕೇಳಲಿಕ್ಕುಂಟು. ನಮ್ಮ ಊರು ಬೆಳ್ತಂಗಡಿ ತಾಲೂಕು. ಗೇರು ತೋಟಕ್ಕೆ ಮೇಲಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡ್ತಿದ್ದ ಕಾಲ ನಮ್ಮ ಅಜ್ಜಿಗೆ ನೆನಪುಂಟು, ನಾವು ಸಣ್ಣವರಿರುವಾಗ ಕೊಡೆ ಹಿಡಿದು ನೋಡ್ಲಿಕ್ಕೆ ಓಡ್ತಿದ್ದದ್ದು. ಈಗ ಆ ಕಡೆ ಎಷ್ಟು ಮನೆಯಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳಿದ್ದಾರೆ ಅಂತ ಬಂದು ನೋಡಿ. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, ಅಷ್ಟರಲ್ಲಿ ಆಗುವುದು ಆಗಿ ಹೋಗಿತ್ತು.

ಆ ಔಷಧಿಗೂ ನಿಮ್ಮಂಥವರೇ ಯಾರೋ ಇಲಿಗೆ ಕುಡಿಸಿ "ಸಹಜ" ಅಂತ ಬರೆದಿರಬೇಕಲ್ಲ ಮಾರಾಯ್ರೆ? ಪರೀಕ್ಷೆಗೆ ದುಡ್ಡು ಕೊಡುವುದು ಕಂಪನಿ, ರಿಪೋರ್ಟು ಕಂಪನಿಗೆ. ಹುಡುಗಿ ಈ ಪ್ರಶ್ನೆಯನ್ನೂ ಕೇಳಿಕೊಂಡು ಹೋಗಲಿ ಅಂತ ಬರೆದೆ.

ಮುಳಶಿ ಧಾರವಾಡ:
ಅಣ್ಣಾ, ಸಿಟ್ಟು ಬರೂದು ಬರೋಬ್ಬರಿ ಅದ. ಸುಳ್ಳ ಬರದವರು ಇದ್ರು. 1970ರ ದಶಕದಾಗ ಅಮೆರಿಕಾದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಅನ್ನೂ ದೊಡ್ಡ ಲ್ಯಾಬಿನ್ಯಾಗ ಇಲಿ ಸತ್ತು ಕೊಳತು ಹೋಗಿದ್ವು, ದಾಖಲೆದಾಗ "ಟಿಬಿಡಿ" ಅಂತ ಬರೀತಿದ್ರು, ಬಾಳ ಕೊಳತೈತಿ, ನೋಡಾಕ ಬರೂದಿಲ್ಲ ಅಂತ ಅದರ ಅರ್ಥ. ಸತ್ತ ಇಲಿ ಜಾಗಾದಾಗ ಹೊಸಾ ಇಲಿ ಹಾಕಿ ಸ್ಟಡಿ ಮುಂದವರಿಸಿದ್ದೂ ಹೊರಗ ಬಂತು. ಅದರ ಮ್ಯಾಲೆ 1978ರಾಗ ಅಲ್ಲಿ ಜಿಎಲ್‌ಪಿ ನಿಯಮ ಬಂದ್ವು. ನಾ ಮ್ಯಾಲ ಹೇಳಿದ ಒಂದ ಗೆರಿ, ಸಹಿ, ತಾರೀಖು, ಎಲ್ಲಾ ಆ ಮೋಸದ ಮಕ್ಕಳು. ನಮ್ಮ ದೇಶದಾಗ ಕೇಂದ್ರದ ವಿಜ್ಞಾನ ಇಲಾಖೆ ಡಿಎಸ್‌ಟಿ ಕೆಳಗ ಇರೂ ಪ್ರಾಧಿಕಾರದವರು ಬಂದು ಮೂಲ ದಾಖಲೆನ ಕೈಯಾಗ ಹಿಡದು ನೋಡ್ತಾರ. 2011ರಿಂದ ನಮ್ಮ ಜಿಎಲ್‌ಪಿ ಡೇಟಾನ ಓಇಸಿಡಿ ದೇಶದವರೂ ಒಪ್ತಾರ.

ದುಡ್ಡು ಕಂಪನಿದು ಅನ್ನೂದು ಖರೆ, ಅದಕ್ಕ ನನ್ನ ಕಡೆ ಉತ್ತರಾ ಇಲ್ಲ. ಆದ್ರ ಇಲಿಗೆ ದಿನಾ ಅಳದು ಕೊಡೂದು ಬ್ಯಾರೆ, ಗುಡ್ಡದ ಮ್ಯಾಲಿಂದ ಊರ ಬಾವಿಗೆ ಸುರಿಯೂದು ಬ್ಯಾರೆ. ಲೇಬಲ್ ಮ್ಯಾಲ ಏನ ಬರದಿತ್ತು, ಹೊಲದಾಗ ಏನ ನಡೀತು, ಇವೆರಡರ ನಡುವ ಯಾರೂ ನಿಂತಿರಲಿಲ್ಲ. 2017ರಾಗ ಯವತಮಾಳದಾಗ ಹತ್ತಿಗೆ ಔಷಧ ಹೊಡದು ಇಪ್ಪತ್ತರ ಮ್ಯಾಲ ಮಂದಿ ಸತ್ರಲ್ಲ, ಬಿಸಲಿನ್ಯಾಗ ಎದಿಮಟ್ಟ ಬೆಳದ ಹತ್ತಿಯೊಳಗ ಮೈಮ್ಯಾಲ ಒಂದ ಅಂಗಿ ಹಾಕ್ಕೊಂಡು ಎರಡ ಮೂರ ಔಷಧ ಕೂಡಿಸಿ ಹೊಡದವರು. ಆ ಮಿಶ್ರಣಾನ ಯಾವ ಲ್ಯಾಬಿನ್ಯಾಗೂ ಯಾರೂ ಇಲಿಗೆ ಕೊಟ್ಟಿರಂಗಿಲ್ಲ.

ಪುಣೆ ಡಾಕ್ಟರಮ್ಮ:
ಕೊಕ್ಕಡದ ಅಣ್ಣನ ನೋವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ನಾನು ಸಾಗರದವಳು, ನಮ್ಮ ತಾಲೂಕಿನ ಹಂದಿಗೋಡು ಕಾಯಿಲೆಯ ಕಥೆಯನ್ನೂ ಈ ಹುಡುಗಿ ಕೇಳಲಿ. 1970ರ ದಶಕದ ನಡುವೆ ಸೊಂಟ, ಮಂಡಿ ಹಿಡಿದು ಜನ ತೆವಳುವ ಹಾಗಾದರು. ಬಡವರ ಕೇರಿಗಳಲ್ಲೇ ಹೆಚ್ಚು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದೇ ಕಾರಣ ಅಂತ ಎಲ್ಲ ಕಡೆ ಬರೆದರು, ನಾವೂ ಹಾಗೇ ನಂಬಿ ಬೆಳೆದೆವು. ಮನೆತನಗಳ ವಂಶಾವಳಿ ಹಿಡಿದು, ಎಕ್ಸ್‌ರೇ ತೆಗೆದು ನೋಡಿದ ಮೇಲೆ ಅದು ತಲೆಮಾರಿನಿಂದ ಬರುವ ಮೂಳೆಯ ಕಾಯಿಲೆ ಅಂತ ಗೊತ್ತಾಯಿತು. ಏಡಿ ಬಿಟ್ಟವರಿಗೆ ಏಡಿಯೂ ಹೋಯಿತು, ಕಾಯಿಲೆಯೂ ಹೋಗಲಿಲ್ಲ. ಒಂದು ಊರಿನಲ್ಲಿ ವಿಷ ಇದ್ದದ್ದು ನಿಜ, ಇನ್ನೊಂದರಲ್ಲಿ ವಿಷವೇ ಅಂದುಕೊಂಡದ್ದು ಅಲ್ಲ. ಇವೆರಡನ್ನು ಬೇರೆ ಮಾಡಿ ಹೇಳಬಲ್ಲವರು ನಮಗೆ ಬಹಳ ಕಡಿಮೆ.

ಡಾಕ್ಟರ್ ಆಗಿರುವವರಿಗೆ ಬೇರೆ ದಾರಿ ಇದೆ, ನಿನಗಲ್ಲ, ಓದುವ ಉಳಿದವರಿಗೆ ಹೇಳುತ್ತೇನೆ. ಎಂಡಿ ಫೊರೆನ್ಸಿಕ್ ಮೆಡಿಸಿನ್ ಅಂಡ್ ಟಾಕ್ಸಿಕಾಲಜಿ ಅಂತ ಹೆಸರು, ದಿನದ ಕೆಲಸದಲ್ಲಿ ಪೋಸ್ಟ್‌ಮಾರ್ಟಮ್ಮೇ ಹೆಚ್ಚು. ಬದುಕಿರುವ ವಿಷದ ರೋಗಿಯನ್ನು ನೋಡುವವರು ಮೆಡಿಸಿನ್, ಎಮರ್ಜೆನ್ಸಿ, ಐಸಿಯು ಮಂದಿ. ರಾತ್ರಿ ಪಾಳಿಯಲ್ಲಿ ಹೊಲದ ಔಷಧಿ ಕುಡಿದವರನ್ನು ತಂದರೆ ಬಾಗಿಲಲ್ಲೇ ಬೆಳ್ಳುಳ್ಳಿಯಂಥ ಘಾಟು, ಸೂಜಿಮೊನೆಯಷ್ಟು ಪಾಪೆ, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಪ್ರತಿವಿಷವಾಗಿ ಅಟ್ರೋಪಿನ್ ಕೊಟ್ಟು, ಕೆಲವೇ ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾ, ಎದೆ ಒಣಗುವ ತನಕ ಸ್ಟೆತ್ ಇಳಿಸುವಂತಿಲ್ಲ. ಪಾಪೆ ನೋಡಿಕೊಂಡು ನಿಲ್ಲಿಸಿದವರು ಕೆಟ್ಟರು.

ಇಲ್ಲಿಂದ ದೂರವಿಲ್ಲ, ರಾಯಗಡದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಕೆಂಪು ಚೇಳಿನ ಕಡಿತಕ್ಕೆ ಬಿಪಿಯ ಪ್ರಾಜೋಸಿನ್ ಮಾತ್ರೆ ಕೊಟ್ಟು ಜನರನ್ನು ಉಳಿಸಿದ್ದು ಸಣ್ಣ ಊರಿನ ಆಸ್ಪತ್ರೆಯಲ್ಲೇ, 1980ರ ದಶಕದಲ್ಲಿ. 2022ರಲ್ಲಿ ಪದ್ಮಶ್ರೀ ಬಂತು. ಅವರಿಗೆ ದೊಡ್ಡ ಲ್ಯಾಬ್ ಇರಲಿಲ್ಲ. ಚೇಳು ಕಡಿದವರ ನಾಡಿ, ಬಿಪಿ, ಕೈಕಾಲು ತಣ್ಣಗಾದ ಹೊತ್ತನ್ನು ಪಕ್ಕದಲ್ಲೇ ಕೂತು ಬರೆದಿಟ್ಟಿದ್ದರು.

ಮಾಟುಂಗಾ ಮಾವ:
ನಾನು ಹೋಟೆಲಿನವ, ಎಲ್ಲ ಓದಿದೆ, ಅರ್ಧ ಅರ್ಥ ಆಯಿತು. ಒಂದು ಸಣ್ಣ ಡೌಟು. 2024ರಲ್ಲಿ ಗೋವಾದ ಮಾಪುಸಾದಲ್ಲಿ ಗೋಬಿ ಮಂಚೂರಿ ಬಂದ್ ಮಾಡಿದರು, ಆಮೇಲೆ ಕರ್ನಾಟಕದಲ್ಲೂ ಬಣ್ಣಕ್ಕೆ ನಿಷೇಧ ಬಂತು. ನಾವು ಬಣ್ಣ ಹಾಕುವುದೇ ಇಲ್ಲ, ಕಾಶ್ಮೀರಿ ಮೆಣಸಿನಲ್ಲೇ ಕೆಂಪು ಬರ್ತದೆ. ಆದರೆ ಗಿರಾಕಿ ಕೇಳ್ತಾನೆ, ಜಿಲೇಬಿಗೆ ಹಾಕಬಹುದಂತೆ, ಗೋಬಿಗೆ ಯಾಕೆ ಆಗಬಾರದು ಅಂತ. ಏನು ಹೇಳುವುದು?

ಠಾಣೆ ಶಾಂತಲಾ:
ಮಾವ, ಎರಡು ಬೇರೆ ಬೇರೆ. ರೋಡಮಿನ್-ಬಿ ಬಟ್ಟೆಯ ಬಣ್ಣ, ಅದಕ್ಕೆ ತಿನ್ನಬಹುದಾದ ಪ್ರಮಾಣ ಅಂತಲೇ ಇಟ್ಟಿಲ್ಲ, ಯಾವ ತಿಂಡಿಗೂ ಆಗದು. ಟಾರ್ಟ್ರಜಿನ್ ಹಳದಿ ಹಾಗಲ್ಲ, ಯುರೋಪಿನವರು ದಿನಕ್ಕೆ ಕೆಜಿಗೆ 7.5 ಮಿಗ್ರಾಂ ಆಗಬಹುದು ಅಂದಿದ್ದಾರೆ, 60 ಕೆಜಿ ಆಳಿಗೆ 450 ಮಿಗ್ರಾಂ. ಆದರೆ 15 ಕೆಜಿ ಮಗು ಜಿಲೇಬಿ, ಶರಬತ್ತು, ಚಾಕಲೇಟು, ಗೋಬಿ ಎಲ್ಲ ಒಂದೇ ದಿನ ತಿಂದರೆ? ಅದಕ್ಕೇ ಯಾವ ತಿಂಡಿಗೆ ಹಾಕಬಹುದು ಅಂತ ಪಟ್ಟಿ ಮಾಡಿ ಉಳಿದವಕ್ಕೆ ಬೇಡ ಅನ್ನುವುದು. ಬಣ್ಣ ಇಲ್ಲ ಅಂತ ಬೋರ್ಡ್ ಹಾಕಿ, ವ್ಯಾಪಾರವೂ ಆಗುತ್ತದೆ. ಆಹಾರದ ಟಾಕ್ಸಿಕಾಲಜಿ ಮಾಡಬೇಕೆನ್ನುವವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆ ನೋಡಿ.

ಪೋಂಡಾ ನಾಯಕ:
ಗೋವಾ ಬಂತು ಅಂತ ನಾನೂ ಒಂದು ಮಾತು ಹಾಕುತ್ತೇನೆ. ಎಲ್ಲರೂ ಮನುಷ್ಯ, ಇಲಿ ಅಂತಿದ್ದೀರಿ. ದೋನಾ ಪಾವ್ಲದ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಒದಲ್ಲಿ ಸಮುದ್ರದ ಜೀವಿಗಳ ಮೇಲೆ ಇದೇ ಕೆಲಸ ನಡೆಯುತ್ತದೆ. ಹಡಗಿನ ಅಡಿಗೆ ಚಿಪ್ಪು ಹತ್ತದಂತೆ ಟಿಬಿಟಿ ಅನ್ನುವ ತವರದ ರಾಸಾಯನಿಕ ಇರುವ ಬಣ್ಣ ಬಳಿಯುತ್ತಿದ್ದರು. ಬಂದರಿನ ನೀರಿನಲ್ಲಿ ಅದು ಕಣ್ಣಿಗೆ ಕಾಣದಷ್ಟೇ ಇದ್ದರೂ ಹೆಣ್ಣು ಶಂಖದ ಹುಳಕ್ಕೆ ಗಂಡಿನ ಅಂಗ ಬೆಳೆಯುತ್ತಿತ್ತು. ಆ ಬಣ್ಣ ನಿಲ್ಲಿಸಲು 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗಿ 2008ಕ್ಕೆ ಜಾರಿಯಾಯಿತು. ಹುದ್ದೆ ಕಡಿಮೆ, ಪಿಎಚ್‌ಡಿ ಬೇಕೇ ಬೇಕು, ಫೆಲೋಶಿಪ್ ತಡವಾಗಿ ಬರುತ್ತದೆ. ಇಷ್ಟಾದರೂ ಮಾಡುವವರಿದ್ದಾರೆ.

ಡೊಂಬಿವಲಿ ಪೂರ್ವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ಜಿಲೇಬಿ ಉತ್ತರ ಕೇಳಿ "ಇದು ಒಳ್ಳೆ ಕೆಲಸವೇ" ಅಂದರು, ಉಳಿದದ್ದು ಅವರ ತಲೆಗೆ ಹೋಗಲಿಲ್ಲ. ಶಾಂತಲಾ ಅಕ್ಕ, ನನಗೆ ನಿಮ್ಮ ಕೆಲಸದ ಮೇಲೆ ಮನಸ್ಸಾಗಿದೆ. ಜಿಪ್ಯಾಟ್ ಪ್ರವೇಶ ಪರೀಕ್ಷೆ ಬರೆದು ರಾಷ್ಟ್ರೀಯ ಔಷಧ ಶಿಕ್ಷಣ ಸಂಸ್ಥೆ ನೈಪರ್‌ಗೆ ಹೋಗಲಾ, ಇಲ್ಲೇ ಎಂ.ಫಾರ್ಮ್ ಮಾಡಲಾ? ಸೀದಾ ಕೆಲಸಕ್ಕೇ ಸೇರಿದರೆ?

ಠಾಣೆ ಶಾಂತಲಾ:
ಜಿಪ್ಯಾಟ್ ಬರಿ, ಅದರಲ್ಲಿ ಎರಡು ಮಾತಿಲ್ಲ. ಮೊಹಾಲಿ, ಹೈದರಾಬಾದ್ ನೈಪರ್‌ಗಳಲ್ಲಿ ಫಾರ್ಮಕಾಲಜಿ ಅಂಡ್ ಟಾಕ್ಸಿಕಾಲಜಿ ಎಂಎಸ್ ಇದೆ, ಸಿಕ್ಕರೆ ಹೊರಡು. ದೆಹಲಿಯ ಜಾಮಿಯಾ ಹಮ್‌ದರ್ದ್‌ನಲ್ಲಿ ಟಾಕ್ಸಿಕಾಲಜಿಯದೇ ಎಂಎಸ್ಸಿ ಇದೆ. ಪಿಎಚ್‌ಡಿ ಮನಸ್ಸಿದ್ದರೆ ಲಖನೌದ ಐಐಟಿಆರ್, 1965ರಿಂದ ಇದಕ್ಕೇ ಮೀಸಲಾದ ಸಂಸ್ಥೆ. ಯಾವುದೂ ಆಗದಿದ್ದರೆ ಇಲ್ಲೇ ಎಂ.ಫಾರ್ಮ್ ಫಾರ್ಮಕಾಲಜಿ, ಆದರೆ ಪ್ರಾಜೆಕ್ಟ್ ಮಾತ್ರ ಹಠ ಹಿಡಿದು ಹೊರಗಿನ ಜಿಎಲ್‌ಪಿ ಲ್ಯಾಬಿನಲ್ಲಿ ಮಾಡು. ಬರೀ ಬಿ.ಫಾರ್ಮ್‌ನಲ್ಲಿ ಬಂದವರು ಲೇಖನ ಹುಡುಕಿಕೊಡುವ ಕೆಲಸದಲ್ಲೇ ವರ್ಷಗಟ್ಟಲೆ ಕೂತದ್ದನ್ನು ನೋಡಿದ್ದೇನೆ. ಕಾಗದದ ಕೆಲಸವೇ ಬೇಕಿದ್ದರೂ ಒಂದೆರಡು ವರ್ಷ ಮುಳಶಿಯವರ ಹಾಗೆ ಪಂಜರದ ಮುಂದೆ ನಿಂತು ಬಾ. ಇಲಿ ನೋಡದವರು ಬರೆದ ವರದಿ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಈಗ ಇದನ್ನು ಮಾಡು. ಇಲಿ, 90 ದಿನದ ಸ್ಟಡಿ, ಕೆಜಿಗೆ 3, 10, 30, 100 ಮಿಗ್ರಾಂ. 100ರಲ್ಲಿ ಯಕೃತ್ತಿನ ಜೀವಕೋಶ ಸತ್ತಿವೆ, ಯಕೃತ್ತು ಕೆಟ್ಟರೆ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಏರಿದೆ. 30ರಲ್ಲಿ ಯಕೃತ್ತಿನ ತೂಕ ಮಾತ್ರ ನೂರಕ್ಕೆ ಹನ್ನೆರಡು ಹೆಚ್ಚು, ಜೀವಕೋಶ ಸ್ವಲ್ಪ ಊದಿವೆ. 10ರಲ್ಲಿ ಏನಿಲ್ಲ. 90 ದಿನಕ್ಕೆ ಕೊನೆಯ ಭಾಜಕ 10 ಬದಲು 5. ಪಿಡಿಇ ಎಷ್ಟು?

ಡೊಂಬಿವಲಿ ಪೂರ್ವ:
ಅಕ್ಕ, ಎನ್‌ಒಎಇಎಲ್ 10 ಹಿಡಿದೆ. 10 ಗುಣಿಸು 50, ಅಂದರೆ 500. 5, 10, 5 ಗುಣಿಸಿದರೆ 250. ದಿನಕ್ಕೆ 2 ಮಿಗ್ರಾಂ. ಸರಿಯಾ?

ಮುಳಶಿ ಧಾರವಾಡ:
ನಾ ಆದ್ರ 30 ಹಿಡೀತಿದ್ದೆ, 6 ಮಿಗ್ರಾಂ. ಯಕೃತ್ತು ಔಷಧ ಕರಗಸಾಕ ಹೆಚ್ಚು ದುಡದು ದಪ್ಪ ಆಗೇದ, ಕೆಟ್ಟಿಲ್ಲ. ಎಎಲ್‌ಟಿ ಸರಿ ಅದ ನೋಡು.

ಠಾಣೆ ಶಾಂತಲಾ:
ಅದೇ ಕಂಪೌಂಡ್ 100ರಲ್ಲಿ ಜೀವಕೋಶ ಕೊಂದಿದೆ, ಅಣ್ಣ. 30ರಲ್ಲಿ ಕಾಣುತ್ತಿರುವುದು ಅದರ ಮೊದಲ ಮೆಟ್ಟಿಲಲ್ಲ ಅಂತ ಹೇಗೆ ಹೇಳುತ್ತೀರಿ? ನಿಯಂತ್ರಕರು ಇದನ್ನೇ ಕೇಳುತ್ತಾರೆ. ನಾನು 10ಕ್ಕೇ ನಿಲ್ಲುತ್ತೇನೆ. ಹುಡುಗಿ ಸರಿ, ಆದರೆ ಕಾರಣ ಬರೆದಿಲ್ಲ.

ಪರೇಲ್ ಪಶುವೈದ್ಯ:
ಔಷಧ ನಿಲ್ಲಿಸಿ ಕೆಲವು ವಾರ ಬಿಟ್ಟು ನೋಡಿದ ರಿಕವರಿ ಗುಂಪು ಇತ್ತಾ? ಅದರಲ್ಲಿ ಯಕೃತ್ತಿನ ತೂಕ ಇಳಿಯಿತಾ? ಊದಿದ ಜೀವಕೋಶ ಯಕೃತ್ತಿನ ಸಣ್ಣ ಘಟಕವಾದ ಲೋಬ್ಯೂಲಿನ ನಡುವೆಯಾ, ಅಂಚಿನಲ್ಲಾ? ಯಕೃತ್ತಿನ ಉಳಿದ ರಕ್ತಪರೀಕ್ಷೆ, ಬಿಲಿರುಬಿನ್, ಎಎಲ್‌ಪಿ ಎಷ್ಟು? ಗಂಡು ಹೆಣ್ಣು ಎರಡರಲ್ಲೂ ಹೀಗೇನಾ? ಇಷ್ಟು ಹೇಳಿ, ಸ್ಲೈಡ್ ಇದ್ದರೆ ಕಳಿಸಿ. ಆಮೇಲೆ ಜಗಳ ಮಾಡೋಣ.